ಎಲ್ಲಾ ಕಂಪ್ಯೂಟರೇ ಓಡಿಸಿದ್ರೆ ನೀನೇನ್ ಮಾಡ್ತೀಯ?

ಮನೆಗೆ ಯಾರೇ ಬಂದ್ರೂ ರೂಮಲ್ಲಿರೋ ನನ್ನ ರೈಲಿನ ಹಲಗೆ ಮುಂದೆ ಎರಡು ನಿಮಿಷ ನಿಲ್ತಾರೆ, ಎರಡು ಪುಟ್ಟ ರೈಲು ತಮ್ಮಷ್ಟಕ್ಕೆ ತಾವೇ ಸ್ಟೇಷನ್ನಿಗೆ ಬಂದು ನಿಲ್ಲೋದು, ಒಂದಕ್ಕೊಂದು ದಾರಿ ಬಿಟ್ಕೊಟ್ಟು ಹೊರಡೋದು ಎಲ್ಲಾ ನೋಡ್ತಾರೆ, ಆಮೇಲೆ ಕೇಳೋದು ಇದೇ ಪ್ರಶ್ನೆ. ಎಲ್ಲಾ ಕಂಪ್ಯೂಟರೇ ಮಾಡಿದ್ರೆ ನಿನಗೇನು ಕೆಲಸ, ಕೈಯಲ್ಲಿ ಓಡಿಸೋ ಖುಷಿನೇ ಹೋಯ್ತಲ್ಲ ಅಂತ. ನಿಂತಲ್ಲೇ ಹೇಳೋಕೆ ಹೋದ್ರೆ ಯಾವಾಗ್ಲೂ ಅರ್ಧಕ್ಕೇ ನಿಲ್ಲುತ್ತೆ, ಅದಕ್ಕೆ ಇಲ್ಲಿ ಪೂರ್ತಿ ಬರೀತಿದ್ದೀನಿ.

ರೈಲು ಓಡಿಸೋದು ಕಂಪ್ಯೂಟರಿಗೆ ದೊಡ್ಡ ವಿಷಯನೇ ಅಲ್ಲ. ರೈಲು ಈಗ ಎಲ್ಲಿದೆ ಅನ್ನೋದು ಅದಕ್ಕೆ ಗೊತ್ತಾಗಬೇಕಲ್ಲ, ಕಷ್ಟ ಇರೋದು ಅಲ್ಲಿ. ನನ್ನ ಕೆಲಸ ಹೆಚ್ಚುಕಮ್ಮಿ ಪೂರ್ತಿ ಅದೇ.

ಓಡಿಸೋ ಭಾಗ ಬೇಗ ಹೇಳಿ ಮುಗಿಸ್ತೀನಿ. ಹಳೇ ಪದ್ಧತಿಲಿ ಹಳಿಗೆ ಕೊಡೋ ವೋಲ್ಟೇಜ್ ಏರಿಸಿದ್ರೆ ಆ ಹಳಿ ಮೇಲಿರೋ ಎಲ್ಲಾ ಎಂಜಿನ್ನೂ ಒಟ್ಟಿಗೇ ಓಡ್ತಿದ್ವು, ಒಂದನ್ನ ಬಿಟ್ಟು ಒಂದನ್ನ ಓಡಿಸೋಕೆ ಹಳಿಯನ್ನೇ ತುಂಡು ತುಂಡು ಮಾಡಿ ಸ್ವಿಚ್ ಹಾಕ್ಬೇಕಿತ್ತು. ಈಗಿರೋದು ಡಿಸಿಸಿ, ಅಂದ್ರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಇದ್ರಲ್ಲಿ ಹಳಿಲಿ ಯಾವಾಗ್ಲೂ ಒಂದೇ ಮಟ್ಟದ ವೋಲ್ಟೇಜ್ ಇರುತ್ತೆ, ಅದು ಪ್ಲಸ್ ಮೈನಸ್ ಅದಲು ಬದಲಾಗ್ತಾ ಇರುತ್ತೆ, ಆ ಅದಲು ಬದಲಲ್ಲೇ ಸಂದೇಶ ಅಡಗಿರುತ್ತೆ. 58 ಮೈಕ್ರೋಸೆಕೆಂಡಿಗೆ ಬದಲಾದ್ರೆ ಅದು ಒಂದು, 100 ಮೈಕ್ರೋಸೆಕೆಂಡಿಗೆ ಬದಲಾದ್ರೆ ಸೊನ್ನೆ. ಪ್ರತಿ ಎಂಜಿನ್ ಒಳಗೂ ಒಂದು ಡಿಕೋಡರ್ ಕೂತಿರುತ್ತೆ, ಅದು ತನ್ನ ನಂಬರಿಗೆ ಬಂದ ಮಾತು ಮಾತ್ರ ಕೇಳಿಸ್ಕೊಳ್ಳುತ್ತೆ. ನಾನು ಆರ್ಡುಯಿನೋ ಅನ್ನೋ ಒಂದು ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಡಿಸಿಸಿ-ಇಎಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಅದನ್ನೇ ಕಮಾಂಡ್ ಸ್ಟೇಷನ್, ಅಂದ್ರೆ ಹಳಿಗೆ ಈ ಸಂದೇಶ ಕಳಿಸೋ ಪೆಟ್ಟಿಗೆ, ಮಾಡ್ಕೊಂಡಿದ್ದೀನಿ, ಲ್ಯಾಪ್‌ಟಾಪಲ್ಲಿ ಜೆಎಂಆರ್‌ಐ ಅನ್ನೋ ಮಾದರಿ ರೈಲು ಓಡಿಸೋ ಸಾಫ್ಟ್‌ವೇರ್ ಇದೆ, ಅದೂ ಉಚಿತನೇ, ಅದ್ರಲ್ಲಿ ಮಾಮೂಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಥರ ಸ್ಕ್ರಿಪ್ಟ್ ಬರೀಬಹುದು. ಒಂದು ವಾರಾಂತ್ಯದಲ್ಲಿ ಇಷ್ಟೂ ಆಗ್ಬಿಡುತ್ತೆ, ಲ್ಯಾಪ್‌ಟಾಪಲ್ಲಿ ಬಟನ್ ಒತ್ತಿದ್ರೆ ರೈಲು ಓಡುತ್ತೆ.

ಆದ್ರೆ ನನ್ನ ಹಲಗೆಲಿ ಈ ಮಾತುಕತೆ ಒಂದೇ ಕಡೆಯದು. ಕಂಪ್ಯೂಟರ್ ಎಂಜಿನ್ನಿಗೆ ಹೋಗು ಅಂತ ಹೇಳುತ್ತೆ, ನಾನು ಇಲ್ಲಿದ್ದೀನಿ ಅಂತ ಎಂಜಿನ್ ವಾಪಸ್ ಹೇಳಲ್ಲ, ಹೋಯ್ತೋ ಹಳಿ ತಪ್ಪಿ ಬಿತ್ತೋ ಅದಕ್ಕೆ ಗೊತ್ತೇ ಆಗಲ್ಲ. ಇಷ್ಟು ಹೊತ್ತು ಓಡಿದ್ರೆ ಇಷ್ಟು ದೂರ ಹೋಗಿರುತ್ತೆ ಅಂತ ಲೆಕ್ಕ ಹಾಕ್ಬಹುದಲ್ಲ ಅಂತ ನೀವು ಕೇಳ್ಬಹುದು, ಮೊದಲು ನಾನೂ ಹಾಗೇ ಮಾಡಿದ್ದೆ. ನಂದು ಎಚ್‌ಓ ಸ್ಕೇಲ್, ಅಂದ್ರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್. ಗಂಟೆಗೆ 60 ಕಿಲೋಮೀಟರ್ ಹೋಗೋ ರೈಲು ಈ ಸ್ಕೇಲಲ್ಲಿ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ಹೋಗುತ್ತೆ, ಒಂದು ಮೀಟರ್ ಉದ್ದದ ಸ್ಟೇಷನ್ ಲೈನನ್ನ ಐದಾರು ಸೆಕೆಂಡಲ್ಲಿ ದಾಟಿಬಿಡುತ್ತೆ. ಮೋಟಾರ್ ಬಿಸಿಯಾದ ಮೇಲೆ ಅದೇ ಎಂಜಿನ್ ಅದೇ ಸ್ಪೀಡ್ ನಂಬರಲ್ಲಿ ಬೇರೆ ವೇಗದಲ್ಲಿ ಓಡುತ್ತೆ, ತಿರುವಲ್ಲಿ ನಿಧಾನ ಆಗುತ್ತೆ, ಬೋಗಿ ಜಾಸ್ತಿ ಇದ್ರೆ ಇನ್ನೂ ನಿಧಾನ. ಹತ್ತು ಸುತ್ತು ಆಗೋಷ್ಟರಲ್ಲಿ ನನ್ನ ಲೆಕ್ಕಕ್ಕೂ ರೈಲಿಗೂ ಸಂಬಂಧನೇ ಇರ್ತಿರ್ಲಿಲ್ಲ.

ಅದಕ್ಕೇ ಬ್ಲಾಕ್. ಹಳಿಯನ್ನ ನಾಲ್ಕು ಭಾಗ ಮಾಡಿದ್ದೀನಿ, ಒಂದೊಂದು ಭಾಗನೂ ಒಂದು ಬ್ಲಾಕ್, ಸ್ಟೇಷನ್ನಲ್ಲಿ ಎರಡು ಲೈನು, ಹೊರಗಿನ ಸುತ್ತಲ್ಲಿ ಎರಡು ಭಾಗ, ನಡುವೆ ಹಳಿ ಕತ್ತರಿಸಿ ಸಣ್ಣ ಗ್ಯಾಪ್ ಬಿಟ್ಟಿದ್ದೀನಿ. ಪ್ರತಿ ಭಾಗಕ್ಕೂ ಕರೆಂಟ್ ಹೋಗೋ ವೈರಲ್ಲಿ ಒಂದು ಡಿಟೆಕ್ಟರ್ ಇದೆ, ಆ ಭಾಗದಲ್ಲಿ ಯಾರಾದ್ರೂ ಕರೆಂಟ್ ಎಳೀತಿದ್ರೆ ಅದು ರೈಲಿದೆ ಅಂತ ಹೇಳುತ್ತೆ. ನಿಂತಿರೋ ಎಂಜಿನ್ ಕೂಡ ಡಿಕೋಡರ್ ದೆಸೆಯಿಂದ ಸ್ವಲ್ಪ ಕರೆಂಟ್ ಎಳೀತಾನೇ ಇರುತ್ತೆ, ಹಾಗಾಗಿ ಅದೂ ಕಾಣುತ್ತೆ. ನಿಯಮ ಒಂದೇ, ಒಂದು ಬ್ಲಾಕಲ್ಲಿ ಒಂದೇ ರೈಲು. ಮುಂದಿನ ಬ್ಲಾಕ್ ಖಾಲಿ ಇದ್ರೆ ಅದನ್ನ ತನ್ನ ಹೆಸರಿಗೆ ಹಿಡ್ಕೋಬೇಕು, ಪಾಯಿಂಟ್, ಅಂದ್ರೆ ಹಳಿ ಕವಲಾಗೋ ಜಾಗ, ತಿರುಗಿಸ್ಬೇಕು, ಆಮೇಲೇ ಹೊರಡ್ಬೇಕು.

ಎಲ್ಲಾ ಸರಿಯಾಯ್ತು ಅಂದ್ಕೊಂಡೆ, ಒಂದು ತಿಂಗಳು ಚೆನ್ನಾಗೇ ಓಡ್ತು. ಒಂದಿನ ಸಂಜೆ ಹೊರಗಿನ ಸುತ್ತಲ್ಲಿ ಮೊದಲನೇ ರೈಲಿನ ಕೊನೇ ಬೋಗಿ, ಬೋಗಿಗಳನ್ನ ಜೋಡಿಸೋ ಕಪ್ಲಿಂಗ್ ಬಿಟ್ಟು ಅಲ್ಲೇ ನಿಂತ್ಬಿಡ್ತು. ಎಂಜಿನ್ ಉಳಿದ ಬೋಗಿಗಳನ್ನ ಎಳ್ಕೊಂಡು ಮುಂದಿನ ಬ್ಲಾಕಿಗೆ ಹೋಯ್ತು, ಬಿಟ್ಟುಹೋದ ಬೋಗಿಲಿ ಮೋಟಾರೂ ಇಲ್ಲ ಲೈಟೂ ಇಲ್ಲ, ಕರೆಂಟ್ ಎಳೆಯೋಕೆ ಏನೂ ಇಲ್ಲ, ಡಿಟೆಕ್ಟರ್ ಬ್ಲಾಕ್ ಖಾಲಿ ಅಂತು, ಕಂಪ್ಯೂಟರ್ ನಂಬಿ ಎರಡನೇ ರೈಲು ಬಿಡ್ತು. ನಾನು ಕೈ ಚಾಚೋಷ್ಟರಲ್ಲಿ ಎಂಜಿನ್ ಹೋಗಿ ಬೋಗಿಗೆ ಗುದ್ದಿತ್ತು, ಕಪ್ಲಿಂಗ್ ಕೊಕ್ಕೆ ಮುರೀತು. ಕೋಡಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಕೋಡಿಗೆ ಕಣ್ಣೇ ಇರಲಿಲ್ಲ, ಅಷ್ಟೇ.

ನಿಜವಾದ ರೈಲಿನವರು ಈ ಪಾಠ ಕಲಿತಿದ್ದು ಎಷ್ಟು ದೊಡ್ಡ ಬೆಲೆ ಕೊಟ್ಟು ಅಂತ ಆಮೇಲೆ ಓದಿದೆ. 1889ರ ಜೂನಲ್ಲಿ ಐರ್ಲೆಂಡಿನ ಅರ್ಮಾ ಹತ್ರ ಒಂದು ವಿಹಾರದ ರೈಲು ಏರು ಹತ್ತಲಾರದೆ ನಿಂತ್ಬಿಡ್ತು, ಅರ್ಧ ರೈಲನ್ನ ಮೇಲಕ್ಕೆ ತಗೊಂಡು ಹೋಗೋಣ ಅಂತ ಹಿಂದಿನ ಬೋಗಿಗಳನ್ನ ಬಿಚ್ಚಿದ್ರು, ಅವು ಇಳಿಜಾರಲ್ಲಿ ಹಿಂದಕ್ಕೆ ಉರುಳಿ ಹಿಂದೆ ಬರ್ತಿದ್ದ ರೈಲಿಗೆ ಹೊಡೆದ್ವು. ಸುಮಾರು 80 ಜನ ಹೋದ್ರು, ತುಂಬಾ ಮಕ್ಕಳು. ಆ ಲೈನಲ್ಲಿ ಒಂದು ರೈಲು ಹೋಗಿ ಇಷ್ಟು ನಿಮಿಷ ಆದ್ಮೇಲೆ ಇನ್ನೊಂದು ಬಿಡೋ ಪದ್ಧತಿ ಇತ್ತು, ಮುಂದೆ ಹೋದ ರೈಲು ನಿಜವಾಗ್ಲೂ ದಾಟಿದ್ಯಾ ಅಂತ ತಿಳ್ಕೊಳ್ಳೋ ದಾರಿ ಇರಲಿಲ್ಲ. ಅದೇ ವರ್ಷ ಪ್ರಯಾಣಿಕರ ಲೈನುಗಳಿಗೆ ಬ್ಲಾಕ್ ಪದ್ಧತಿ ಕಡ್ಡಾಯ ಮಾಡೋ ಕಾನೂನು ಬಂತು. ನಾನು ಗಡಿಯಾರ ನಂಬ್ಕೊಂಡು ರೈಲು ಬಿಡ್ತಿದ್ದ ಹಳೇ ಸ್ಕ್ರಿಪ್ಟನ್ನ ಅವತ್ತೇ ಅಳಿಸಿ ಹಾಕ್ದೆ, ಅದರ ಮೇಲೆ ಮನಸ್ಸೇ ಬರಲಿಲ್ಲ.

ಬೋಗಿ ಕಾಣೋ ಹಾಗೆ ಮಾಡೋಕೆ ಒಂದು ದಾರಿ ಇದೆ. ಬೋಗಿ ಗಾಲಿಯ ಅಚ್ಚಿಗೂ ಒಂದು ಬದಿ ಗಾಲಿಗೂ ನಡುವೆ ಪ್ಲಾಸ್ಟಿಕ್ ಬಳೆ ಇರುತ್ತೆ, ಎರಡು ಹಳಿ ಶಾರ್ಟ್ ಆಗದಿರಲಿ ಅಂತ. ಆ ಬಳೆ ಮೇಲೆ ಎಳ್ಳು ಕಾಳಿನಷ್ಟಿರೋ 10 ಕಿಲೋಓಮ್ ರೆಸಿಸ್ಟರನ್ನ ಒಂದು ಚುಕ್ಕೆ ಅಂಟಲ್ಲಿ ಕೂರಿಸ್ಬೇಕು, ಚಿಮಟದಲ್ಲಿ ಹಿಡ್ಕೊಂಡು, ಉಸಿರು ಬಿಗಿ ಹಿಡಿದು, ಯಾಕಂದ್ರೆ ಉಸಿರಿಗೇ ಹಾರಿಹೋಗುತ್ತೆ. ಅಂಟು ಒಣಗಿದ ಮೇಲೆ ಕರೆಂಟ್ ಹರಿಯೋ ಬಣ್ಣ ತಗೊಂಡು ರೆಸಿಸ್ಟರಿನ ಒಂದು ತುದಿಯಿಂದ ಅಚ್ಚಿಗೆ, ಇನ್ನೊಂದು ತುದಿಯಿಂದ ಗಾಲಿಗೆ ಒಂದೊಂದು ಗೆರೆ ಎಳೀಬೇಕು, ಎರಡೂ ಗೆರೆ ಕೂಡ್ಬಾರ್ದು. ಮಲ್ಟಿಮೀಟರಲ್ಲಿ 10 ಸಾವಿರದ ಆಸುಪಾಸು ತೋರಿಸಿದ್ರೆ ಗೆದ್ದ ಹಾಗೆ. ಹಳಿಲಿ 15 ವೋಲ್ಟ್ ಇದ್ರೆ ಈ ಗಾಲಿ ಒಂದೂವರೆ ಮಿಲಿಆಂಪ್ ಎಳೆಯುತ್ತೆ, ಡಿಟೆಕ್ಟರಿಗೆ ಅಷ್ಟು ಸಾಕು. ಎಂಟು ಬೋಗಿಗೆ ಮಾಡೋಕೆ ಎರಡು ಭಾನುವಾರ ಬೇಕಾಯ್ತು, ಮುಗಿದ ಮೇಲೆ ಒಂದೇ ಒಂದು ಬೋಗಿನ ಖಾಲಿ ಬ್ಲಾಕಲ್ಲಿ ಇಟ್ಟೆ, ಸ್ಕ್ರೀನಲ್ಲಿ ಆ ಬ್ಲಾಕ್ ಕೆಂಪಾಯ್ತು. ಮೊದಲ ಸಲ ರೈಲು ಓಡಿದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಆಮೇಲೆ ಇನ್ನೊಂದು ಕಾಟ. ಹಳಿ ಮೇಲೆ ಕೊಳೆ ಕೂತ್ರೆ ಗಾಲಿಗೂ ಹಳಿಗೂ ಒಂದು ಕ್ಷಣ ಸಂಪರ್ಕ ತಪ್ಪಿ ಕೆಂಪು ಬ್ಲಾಕ್ ಕಣ್ಣು ಮಿಟುಕಿಸುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹಳಿ ಒರೆಸ್ತೀನಿ, ಅದು ಬಿಟ್ರೆ ಕೋಡಲ್ಲೂ ಒಂದು ಮಾತು ಸೇರಿಸಿದ್ದೀನಿ, ಡಿಟೆಕ್ಟರ್ ಇದೆ ಅಂದ್ರೆ ತಕ್ಷಣ ನಂಬು, ಇಲ್ಲ ಅಂದ್ರೆ ಒಂದು ಸೆಕೆಂಡ್ ಕಾದು ಆಮೇಲೆ ನಂಬು. ನನ್ನ ಪ್ರಕಾರ ಇಡೀ ಸ್ಕ್ರಿಪ್ಟಲ್ಲಿ ಅತಿ ಮುಖ್ಯವಾದ ಸಾಲು ಅದು.

ಹಲಗೆ ಕೆಳಗೆ ಕೂತು ಕೆಲಸ ಮಾಡೋ ಹುಚ್ಚು ಇವತ್ತಿಂದಲ್ಲ. ಅಮೆರಿಕದ ಎಂಐಟಿ ಅನ್ನೋ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಶುರುವಾದ ಮಾದರಿ ರೈಲು ಕ್ಲಬ್ಬಲ್ಲಿ ಒಂದು ಗುಂಪು ಬೆಟ್ಟ ಮನೆ ರೈಲು ಅಂತ ಮೇಲಿನದೆಲ್ಲಾ ಚೆಂದ ಮಾಡ್ತಿದ್ರೆ ಇನ್ನೊಂದು ಗುಂಪು ಕೆಳಗೆ ಟೆಲಿಫೋನ್ ರಿಲೇಗಳಲ್ಲಿ ಸಿಗ್ನಲ್ ವ್ಯವಸ್ಥೆ ಕಟ್ತಿದ್ರು, ಅವರಲ್ಲೇ ಕೆಲವರು ಮುಂದೆ ಕಂಪ್ಯೂಟರ್ ಪ್ರೋಗ್ರಾಮಿಂಗಿಗೆ ಬಂದ್ರು.

ಕೈಯಲ್ಲಿ ಓಡಿಸೋ ಖುಷಿ ಹೋಯ್ತಾ ಅನ್ನೋದಕ್ಕೆ, ಕೇಳಿದವರ ಕೈಗೇ ಈಗ ಫೋನ್ ಕೊಟ್ಬಿಡ್ತೀನಿ. ಒಂದು ರೈಲನ್ನ ಅವರು ಫೋನಲ್ಲಿ ಓಡಿಸ್ತಾರೆ, ಇನ್ನೊಂದನ್ನ ಕಂಪ್ಯೂಟರ್ ಓಡಿಸುತ್ತೆ. ಹೋದ ವಾರ ಬಂದಿದ್ದ ನನ್ನ ಅಕ್ಕನ ಮಗಳು ಹೊರಗಿನ ಸುತ್ತಲ್ಲಿ ಬೇಕಂತಲೇ ರೈಲು ನಿಲ್ಸಿ ಏನಾಗುತ್ತೆ ನೋಡೋಣ ಮಾಮ ಅಂದ್ಲು. ಕಂಪ್ಯೂಟರಿನ ರೈಲು ಸ್ಟೇಷನ್ ಬಿಟ್ಟು ಬಂದು ಅವಳ ಹಿಂದಿನ ಬ್ಲಾಕಲ್ಲಿ ನಿಧಾನ ಆಗಿ ನಿಂತ್ಕೊಳ್ತು, ಅವಳು ಹತ್ತು ನಿಮಿಷ ಬಿಡಲಿಲ್ಲ, ಅದೂ ಅಲ್ಲೇ ಕಾಯ್ತಾ ಇತ್ತು.