ನದಿಗೆ ಬೆಲೆ ಕಟ್ಟೋಕೆ ಆಗುತ್ತಾ?

ನದಿ ಪಕ್ಕದ ನಗರಗಳಿಗೆ ಪ್ರಕೃತಿಯಿಂದ ಎಷ್ಟು ಉಪಕಾರ ಆಗುತ್ತಿದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಹಾಗಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ನದಿಗೆಲ್ಲಾ ಬೆಲೆ ಕಟ್ಟೋಕೆ ಆಗುತ್ತಾ?" ಕೇಳುವವರಲ್ಲಿ ಕೆಲವರಿಗೆ ಅನುಮಾನ, ಕೆಲವರಿಗೆ ಸಿಟ್ಟು.

ಇಡೀ ನದಿಗೆ ಬೆಲೆ ಕಟ್ಟೋಕೆ ಆಗಲ್ಲ. ಕಟ್ಟಿದರೂ ಅದರಿಂದ ಪ್ರಯೋಜನ ಕಡಿಮೆ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೋಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಪರಿಸರ ಸೇವೆಗಳ, ಅಂದರೆ ಪ್ರಕೃತಿಯಿಂದ ನಮಗಾಗುವ ಉಪಕಾರಗಳ, ಬೆಲೆ ವರ್ಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರ್ ಅಂದರು. ಆಗ ಜಗತ್ತಿನ ಎಲ್ಲಾ ದೇಶಗಳ ಒಟ್ಟು ಉತ್ಪನ್ನವೇ 18 ಲಕ್ಷ ಕೋಟಿಯ ಆಸುಪಾಸು ಇತ್ತು! ಆ ಸಂಖ್ಯೆ ಜಗತ್ತಿನ ಗಮನ ಸೆಳೆಯಿತು, ಅದೇನೂ ಸಣ್ಣ ಸಾಧನೆಯಲ್ಲ. ಆದರೆ ಒಂದು ಊರಿನ ಕೆರೆ ಮುಚ್ಚಬೇಕೋ ಬೇಡವೋ ಅನ್ನುವಾಗ ಅದು ಕೆಲಸಕ್ಕೆ ಬರಲ್ಲ.

ಕೆಲಸಕ್ಕೆ ಬರುವುದು ವ್ಯತ್ಯಾಸದ ಲೆಕ್ಕ. ಈ ಜಾಗ ಹೀಗೇ ಇದ್ದರೆ ಏನು, ಬದಲಾದರೆ ಏನು? ಒಂದು ಹೆಕ್ಟೇರ್ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರು. ಕಾಂಕ್ರೀಟ್ ನೆಲವಾದರೆ ಅದರಲ್ಲಿ ಬಹುಪಾಲು ಚರಂಡಿಗೆ ಓಡುತ್ತದೆ. ಮರ, ಹುಲ್ಲು, ಸಡಿಲ ಮಣ್ಣು ಇದ್ದರೆ ಒಳ್ಳೇ ಪಾಲು ಇಂಗುತ್ತದೆ. ಹಾಗೆ ಇಂಗದೆ ಹರಿಯುವ ನೀರಿಗೆ ಎಷ್ಟು ದೊಡ್ಡ ಚರಂಡಿ ಕಟ್ಟಬೇಕು, ಅದಕ್ಕೆ ಎಷ್ಟು ಖರ್ಚು ಅಂತ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಉಪಗ್ರಹದ ಚಿತ್ರ, ಮಳೆ, ಮಣ್ಣು, ಇಳಿಜಾರು, ಇವನ್ನೆಲ್ಲಾ ಸೇರಿಸಿ ಇಂಥ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳಿವೆ. ಇನ್‌ವೆಸ್ಟ್ ಅನ್ನುವುದು ಪುಕ್ಕಟೆಯಾಗಿಯೇ ಸಿಗುತ್ತದೆ. ಸುಂದರವಾದ ಬಣ್ಣಬಣ್ಣದ ನಕ್ಷೆ ಕೊಡುತ್ತದೆ. ನಕ್ಷೆ ಚೆನ್ನಾಗಿದ್ದಷ್ಟೂ ಜನ ಕಣ್ಣು ಮುಚ್ಚಿ ನಂಬುತ್ತಾರೆ, ಅದೇ ನನ್ನ ಭಯ.

ಯಾಕೆಂದರೆ ನಿಜವಾದ ತಲೆನೋವು ಇರುವುದು ಸೂತ್ರದಲ್ಲಲ್ಲ, ಗಡಿಯಲ್ಲಿ. ನಗರದ ಆಡಳಿತ ತನ್ನ ಎಲ್ಲೆಯೊಳಗಿನ ಲೆಕ್ಕ ಕೇಳುತ್ತದೆ. ನೀರಿಗೆ ಆ ಎಲ್ಲೆ ಗೊತ್ತಿಲ್ಲ.

ಚೀನಾದ ಯಾಂಗ್ಟ್ಸಿ ನದಿಯನ್ನೇ ನೋಡಿ. 6,300 ಕಿ.ಮೀ. ಉದ್ದ, ಸುಮಾರು 18 ಲಕ್ಷ ಚದರ ಕಿ.ಮೀ. ಜಲಾನಯನ, ಅಂದರೆ ಮಳೆ ನೀರು ಹರಿದು ಈ ನದಿಗೆ ಸೇರುವ ಪ್ರದೇಶ. ಆ ದೇಶದ ಮೂರರಲ್ಲೊಂದು ಪಾಲು ಜನ ಇಲ್ಲೇ ಇದ್ದಾರೆ. ಇದರ ದಡದ ವುಹಾನ್ ನಗರ ನೆರೆಗೆ ಹೆಸರುವಾಸಿ. ಅದರ ಮೇಲ್ಭಾಗದಲ್ಲಿ, ಹುನಾನ್ ಪ್ರಾಂತ್ಯದಲ್ಲಿ, ಡಾಂಗ್‌ಟಿಂಗ್ ಸರೋವರವಿದೆ. ನೆರೆ ಬಂದಾಗ ನದಿಯ ನೀರು ಅದರೊಳಗೆ ನುಗ್ಗಿ, ನಿಂತು, ನಿಧಾನಕ್ಕೆ ಇಳಿಯುತ್ತದೆ. 1949ರ ಹೊತ್ತಿಗೆ ಅದು 4,000 ಚದರ ಕಿ.ಮೀ.ಗಿಂತ ಜಾಸ್ತಿ ಇತ್ತು. ಹೂಳು ತುಂಬಿತು, ಒಡ್ಡು ಕಟ್ಟಿ ಗದ್ದೆ ಮಾಡಿದರು, ಶತಮಾನ ಮುಗಿಯುವಷ್ಟರಲ್ಲಿ 2,700ರ ಆಸುಪಾಸಿಗೆ ಇಳಿಯಿತು. ವುಹಾನ್ ತನ್ನ ಎಲ್ಲೆಯೊಳಗೆ ಎಷ್ಟೇ ಪಾರ್ಕ್ ಮಾಡಿದರೂ ಈ ನಷ್ಟ ಅದರ ಲೆಕ್ಕದಲ್ಲಿ ಕಾಣಲ್ಲ. 1998ರ ಭಾರಿ ನೆರೆಯ ನಂತರ ಸರ್ಕಾರ ನದಿಯ ಮೇಲ್ಭಾಗದ ಸಹಜ ಕಾಡಿನಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. ಮರುವರ್ಷದಿಂದ ಇಳಿಜಾರಿನ ಹೊಲಗಳನ್ನು ಮತ್ತೆ ಕಾಡು ಮಾಡುವ ರೈತರಿಗೆ ಧಾನ್ಯ, ಹಣ ಕೊಡಲು ಶುರು ಮಾಡಿತು.

ಹಾಗಂತ ಎಲ್ಲವೂ ದೂರದಿಂದ ಬರಲ್ಲ. ಚೀನಾದಲ್ಲಿ 'ಮೂರು ಕುಲುಮೆಗಳು' ಅಂತ ಕರೆಯುವ ಚೋಂಗ್‌ಚಿಂಗ್, ವುಹಾನ್, ನಾನ್‌ಜಿಂಗ್ ಮೂರೂ ಯಾಂಗ್ಟ್ಸಿ ದಡದವು. ಅಲ್ಲಿನ ಬೇಸಿಗೆಯಲ್ಲಿ ಬೀದಿ ತಂಪಾಗಬೇಕಾದರೆ ಮರ ಆ ಬೀದಿಯಲ್ಲೇ ಇರಬೇಕು. ಟಿಬೆಟ್ ಕಡೆಯ ಬೆಟ್ಟದ ದಟ್ಟ ಕಾಡು ಇದಕ್ಕೆ ಆಗಿಬರಲ್ಲ. ನಾನು ಒಂದೊಂದು ಸೇವೆಗೂ ಬೇರೆ ಬೇರೆ ಗಡಿ ಹಾಕಿ ಅಂತ ಹಟ ಹಿಡಿಯುವುದು ಇದಕ್ಕೇ. ನೆರೆಗೆ ಇಡೀ ಜಲಾನಯನ. ತಂಪಿಗೆ ಕೆಲವು ನೂರು ಮೀಟರ್. ಗಿಡಮರ ಗಾಳಿಯಿಂದ ಹೀರಿಕೊಳ್ಳುವ ಇಂಗಾಲಕ್ಕೆ ಗಡಿಯೇ ಬೇಡ. ಇವನ್ನೆಲ್ಲಾ ಕೂಡಿಸಿ ಒಂದೇ ಅಂಕಿ ಮಾಡಿ, ನಗರಗಳಿಗೆ ರ‍್ಯಾಂಕ್ ಕೊಡುವ ವರದಿಗಳು ನನಗಂತೂ ಇಷ್ಟವಿಲ್ಲ.

"ಸರಿ, ಇದರಿಂದ ಯಾರಾದರೂ ದುಡ್ಡು ಕೊಟ್ಟಿದ್ದಾರಾ?" ಅನ್ನುವುದು ಎರಡನೇ ಪ್ರಶ್ನೆ. ಕೊಟ್ಟಿದ್ದಾರೆ. ನ್ಯೂಯಾರ್ಕ್ ನಗರ 1997ರಲ್ಲಿ ತನ್ನ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಊರುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಹಲವು ನೂರು ಕೋಟಿ ಡಾಲರ್ ಬೇಡುವ ಶುದ್ಧೀಕರಣ ಘಟಕ ಕಟ್ಟುವ ಬದಲು, ಅದಕ್ಕಿಂತ ತುಂಬಾ ಕಡಿಮೆ ಖರ್ಚಿನಲ್ಲಿ, ನೀರು ಮೂಲದಲ್ಲೇ ಕೆಡದಿರಲಿ ಅಂತ ಅಲ್ಲಿ ಜಮೀನು ಕೊಂಡಿತು, ಅಲ್ಲಿನ ರೈತರಿಗೆ ನೆರವಾಯಿತು.

ನನಗೆ ಇನ್ನೂ ಹಿಡಿಸುವುದು ಯಾಂಗ್ಟ್ಸಿಯ ಪಕ್ಕದ ಜಲಾನಯನದ ಕಥೆ. ಶಿನ್‌ಆನ್ ನದಿ ಅನ್‌ಹುಯಿ ಪ್ರಾಂತ್ಯದಿಂದ ಝೆಜಿಯಾಂಗ್ ಪ್ರಾಂತ್ಯಕ್ಕೆ ಹರಿಯುತ್ತದೆ. 2012ರಲ್ಲಿ ಎರಡೂ ಕಡೆಯವರು ಒಂದು ಥರ ಬಾಜಿ ಕಟ್ಟಿದರು. ಗಡಿ ದಾಟುವಾಗ ನೀರಿನ ಗುಣಮಟ್ಟ ಸರಿಯಿದ್ದರೆ ಕೆಳಗಿನವರು ಮೇಲಿನವರಿಗೆ 10 ಕೋಟಿ ಯುವಾನ್ ಕೊಡಬೇಕು. ಕೆಟ್ಟರೆ ಮೇಲಿನವರೇ ಕೆಳಗಿನವರಿಗೆ ಅಷ್ಟು ಕೊಡಬೇಕು. ನದಿಯ ಒಟ್ಟು ಬೆಲೆ ಎಷ್ಟು ಅನ್ನುವುದು ಅಲ್ಲಿ ಬೇಕಾಗಲೇ ಇಲ್ಲ. ಗಡಿಯಲ್ಲಿ ನೀರನ್ನು ಅಳೆದರು, ಅದನ್ನು ನೋಡಿ ದುಡ್ಡು ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸಿದರು.