ಅಕ್ಕನಿಗೆ ಎಂ.ಎಸ್. ಇದ್ದರೆ ತಂಗಿಗೂ ಬರುತ್ತದೆಯೇ?

ನನ್ನ ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್., ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಕಾಯಿಲೆ) ಇದೆ ಎಂದು ತಿಳಿದವರು, ಆಕೆ ಹೇಗಿದ್ದಾಳೆ ಎಂದು ವಿಚಾರಿಸುವ ಮೊದಲೇ ಕೇಳುವ ಪ್ರಶ್ನೆ ಇದು. ಮದುವೆಯ ಮಾತು ನಡೆಯುತ್ತಿದ್ದರೆ ಇನ್ನಷ್ಟು ಸುತ್ತಿ ಬಳಸಿ ಕೇಳುತ್ತಾರೆ: "ನಿಮ್ಮ ವಂಶದಲ್ಲಿ ಮೊದಲು ಯಾರಿಗಾದರೂ ಇತ್ತೇ?" ಇಲ್ಲ, ಯಾರಿಗೂ ಇರಲಿಲ್ಲ. ಎಂ.ಎಸ್. ಇರುವ ಬಹುಪಾಲು ಮನೆಗಳ ಉತ್ತರವೂ ಇದೇ.

ಆದರೆ ವಂಶದ ಮಾತಿಗಿಂತ ಮುಂಚೆ ಕೇಳಬೇಕಾದದ್ದು ಬೇರೆ ಇದೆ: ಬಂದಿರುವುದು ಎಂ.ಎಸ್. ಎಂಬುದು ಖಚಿತವೇ? ಇದನ್ನು ತೋರಿಸಿಕೊಡುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಎಂಆರ್‌ಐ ವರದಿಯಲ್ಲಿ "ಡಿಮೈಲಿನೇಷನ್" (ನರಗಳ ಮೈಲಿನ್ ಹೊದಿಕೆ ಕೆಡುವುದು) ಎಂಬ ಪದ ಕಂಡೊಡನೆ ಮೊಬೈಲ್‌ನಲ್ಲಿ ಹುಡುಕಿ ಕಂಗೆಡುವವರನ್ನು ಬಹಳ ಕಂಡಿದ್ದೇನೆ. ಮಿದುಳಿನ ಬಿಳಿ ಚುಕ್ಕೆಗಳು ಮೈಗ್ರೇನ್ ಇರುವವರಲ್ಲಿ, ರಕ್ತದೊತ್ತಡ ಇರುವವರಲ್ಲಿ, ವಯಸ್ಸಾದವರಲ್ಲಿಯೂ ಕಾಣುತ್ತವೆ. ನರರೋಗ ತಜ್ಞರು ನೋಡುವುದು ಹಾನಿ ಎಲ್ಲೆಲ್ಲಿ ಆಗಿದೆ, ಬೇರೆ ಬೇರೆ ಸಮಯದಲ್ಲಿ ಆಗಿದೆಯೇ ಎಂಬುದನ್ನು. ಇದಕ್ಕಾಗಿ 2001ರಲ್ಲಿ ರೂಪುಗೊಂಡ ಮ್ಯಾಕ್‌ಡೊನಾಲ್ಡ್ ಮಾನದಂಡಗಳನ್ನು ಹಲವು ಸಲ ಪರಿಷ್ಕರಿಸಿದ್ದಾರೆ. ಅನುಮಾನ ಉಳಿದರೆ ಬೆನ್ನಿನಿಂದ ನೀರು (ಬೆನ್ನುಹುರಿಯ ಸುತ್ತಲಿನ ದ್ರವ) ತೆಗೆದು, ಅದರಲ್ಲಿ ಆಲಿಗೋಕ್ಲೋನಲ್ ಪಟ್ಟಿಗಳು, ಅಂದರೆ ಪ್ರತಿಕಾಯಗಳ ಗುರುತುಗಳು, ಇವೆಯೇ ಎಂದು ಪರೀಕ್ಷಿಸುತ್ತಾರೆ.

ಎಂ.ಎಸ್.ನಂತೆ ತೋರುವ ಬೇರೆ ಕಾಯಿಲೆಗಳಲ್ಲ ಎಂದು ಖಚಿತಪಡಿಸಿಕೊಳ್ಳುವುದು ಅಷ್ಟೇ ಮುಖ್ಯ. ಬಿ12 ಕೊರತೆಯೂ ಬೆನ್ನುಹುರಿಗೆ ಹಾನಿ ಮಾಡಿ ಕಾಲು ಜೋಮು ಹಿಡಿಸುತ್ತದೆ. ಸಸ್ಯಾಹಾರಿಗಳ ಮನೆಗಳಲ್ಲಿ ಇದನ್ನು ಮರೆಯಲೇಬಾರದು. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಕೆಡಿಸುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬುದು ಇನ್ನೊಂದು. ಅದರಲ್ಲಿ ಹೆಚ್ಚಿನವರ ರಕ್ತದಲ್ಲಿ ಅಕ್ವಾಪೊರಿನ್-4 ಎಂಬ ಪ್ರೋಟೀನ್ ವಿರುದ್ಧದ ಪ್ರತಿಕಾಯ ಸಿಗುತ್ತದೆ. ಇದನ್ನು ಎಂ.ಎಸ್. ಎಂದು ತಿಳಿದು ಇಂಟರ್‌ಫೆರಾನ್ ಬೀಟಾ ಎಂಬ ಎಂ.ಎಸ್. ಔಷಧಿ ಕೊಟ್ಟರೆ ಕಾಯಿಲೆ ಉಲ್ಬಣಿಸಬಹುದು. ಆದ್ದರಿಂದ ಎರಡನೆಯ ವೈದ್ಯರ ಅಭಿಪ್ರಾಯ ಕೇಳಲು ಯಾರೂ ಸಂಕೋಚಪಡಬಾರದು.

ಇನ್ನು ವಂಶದ ಮಾತು. ರೋಗನಿರೋಧಕ ವ್ಯವಸ್ಥೆ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೈಲಿನ್ ಹೊದಿಕೆಯನ್ನು ಕೆಡಿಸುವ ಈ ಕಾಯಿಲೆಗೆ ಯಾವುದೋ ಒಂದು ಜೀನ್ ಕಾರಣವಲ್ಲ. 200ಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳು ಸ್ವಲ್ಪ ಸ್ವಲ್ಪವೇ ಅಪಾಯ ಹೆಚ್ಚಿಸುತ್ತವೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲೊಂದು ಕಡೆ ಮಾತ್ರ. ಜೀನ್‌ಗಳೇ ಎಲ್ಲವನ್ನೂ ನಿರ್ಧರಿಸುವಂತಿದ್ದರೆ ಎಲ್ಲ ಕಡೆಯೂ ಬರಬೇಕಿತ್ತು. ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಎರಡು ಮೂರು. ಇವು ಕಾಯಿಲೆ ಹೆಚ್ಚಾಗಿರುವ ಯುರೋಪ್ ಮತ್ತು ಉತ್ತರ ಅಮೆರಿಕದ ಲೆಕ್ಕಗಳು. ನಮ್ಮಲ್ಲಿ ಈ ಕಾಯಿಲೆ ಇನ್ನೂ ಅಪರೂಪ: ಮಂಗಳೂರಿನಲ್ಲಿ ನಡೆದ ಸಮೀಕ್ಷೆಯಲ್ಲಿ ಸಿಕ್ಕದ್ದು ಲಕ್ಷ ಜನರಿಗೆ ಸುಮಾರು ಎಂಟು ರೋಗಿಗಳು.

ಒಟ್ಟಿಗೆ ಬಾಳಿದರೆ ಅಂಟುತ್ತದೆಯೇ ಎಂದೂ ಕೆಲವರು ಹಿಂಜರಿಯುತ್ತಾ ಕೇಳುತ್ತಾರೆ. ಇಲ್ಲ. ಕೆನಡಾದಲ್ಲಿ ದತ್ತು ಮಕ್ಕಳಿರುವ ಕುಟುಂಬಗಳನ್ನು ಅಧ್ಯಯನ ಮಾಡಿದಾಗ, ರೋಗಿಯೊಂದಿಗೆ ಒಂದೇ ಮನೆಯಲ್ಲಿದ್ದರೂ ರಕ್ತಸಂಬಂಧ ಇಲ್ಲದವರಿಗೆ ಸಾಮಾನ್ಯ ಜನರಿಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿನ ನಂತರ ಅಪಾಯ ಸುಮಾರು 32 ಪಟ್ಟು ಏರುತ್ತದೆ ಎಂದು ಅಮೆರಿಕದ ಸೈನಿಕರ ಮೇಲಿನ 2022ರ ಅಧ್ಯಯನ ತೋರಿಸಿತು. ಆದರೆ ಆ ವೈರಸ್ ಹೆಚ್ಚುಕಡಿಮೆ ಎಲ್ಲ ವಯಸ್ಕರ ದೇಹದಲ್ಲೂ ಇರುವುದರಿಂದ ಅದೊಂದೇ ಸಾಲದು. ಧೂಮಪಾನ, ಹದಿವಯಸ್ಸಿನ ಬೊಜ್ಜು, ವಿಟಮಿನ್ ಡಿ ಕೊರತೆಗಳಿಗೂ ಇದರೊಂದಿಗೆ ನಂಟಿದೆ.

ನಾನು ಎಂಆರ್‌ಐ ಮಾಡಿಸಿಕೊಂಡಿಲ್ಲ. ಯಾವ ಲಕ್ಷಣವೂ ಇಲ್ಲದ ಒಡಹುಟ್ಟಿದವರಿಗೆ ಅದು ಬೇಕಿಲ್ಲ. ಒಂದು ಕಣ್ಣು ನೋವಿನೊಂದಿಗೆ ಮಸುಕಾದರೆ ಅಥವಾ ಕೈಕಾಲಿನ ಜೋಮು ಒಂದು ದಿನ ಕಳೆದರೂ ಬಿಡದಿದ್ದರೆ ತಡಮಾಡದೆ ಹೋಗುತ್ತೇನೆ.

ಮದುವೆಯ ಬಗ್ಗೆ ಕೇಳುವವರಿಗೆ ನೇರವಾಗಿಯೇ ಹೇಳುತ್ತೇನೆ: ಎಂ.ಎಸ್. ಇರುವ ಹೆಣ್ಣು ಮದುವೆಯಾಗಬಹುದು, ತಾಯಿಯಾಗಬಹುದು. ಗರ್ಭಾವಸ್ಥೆಯಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಕಾಯಿಲೆ ಮರುಕಳಿಸುವುದು ಕಡಿಮೆ. ಹೆರಿಗೆಯಾದ ಮೊದಲ ಮೂರು ತಿಂಗಳು ಎಚ್ಚರ ಬೇಕು. ಕೆಲವು ಔಷಧಿಗಳನ್ನು ಗರ್ಭ ಧರಿಸುವ ಮೊದಲೇ ನಿಲ್ಲಿಸಬೇಕಾಗುವುದರಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ನರರೋಗ ತಜ್ಞರೊಂದಿಗೆ ಮುಂಚಿತವಾಗಿ ಮಾತನಾಡಬೇಕು.