ದೇವರಾಯನದುರ್ಗದ ಪಿಕಳಾರ ಮತ್ತು ನಮ್ ಭಾವನ ನೋಟ್‌ಬುಕ್

ತುಮಕೂರಲ್ಲೇ ಹುಟ್ಟಿ ಬೆಳೆದೋನು ನಾನು, ದೇವರಾಯನದುರ್ಗಕ್ಕೆ ಎಷ್ಟು ಸಲ ಹೋಗಿದೀನಿ ಅಂತ ಲೆಕ್ಕನೇ ಇಲ್ಲ. ಸ್ಕೂಲ್ ಟ್ರಿಪ್, ಜಾತ್ರೆ, ಫ್ರೆಂಡ್ಸ್ ಜೊತೆ ಬೈಕಲ್ಲಿ, ಮದುವೆ ಆದ್ಮೇಲೆ ಜೋಡಿಯಾಗಿ ನರಸಿಂಹಸ್ವಾಮಿ ದರ್ಶನಕ್ಕೆ, ಎಲ್ಲಾ ಆಗಿದೆ. ಆದ್ರೆ ಹಕ್ಕಿ ನೋಡೋಕೆ ಅಂತಲೇ ಹೋಗಿದ್ದು ಈ ಜನವರಿಯಲ್ಲೇ ಮೊದಲು, ಅದೂ ಭಾವನ ಬಲವಂತಕ್ಕೆ. ಲಾಕ್‌ಡೌನ್ ಟೈಮಲ್ಲಿ ಟೆರೇಸ್ ಮೇಲೆ ನಿಂತು ದಾಸವಾಳಕ್ಕೆ ಬರೋ ಸೂರಕ್ಕಿ ನೋಡ್ತಾ ನೋಡ್ತಾ ಅವರಿಗೆ ಈ ಹುಚ್ಚು ಹತ್ತಿದ್ದು, ಈಗ ಬೈನಾಕ್ಯುಲರ್ ಎರಡು, ಮೊಳದುದ್ದ ಲೆನ್ಸಿನ ಕ್ಯಾಮೆರಾ ಒಂದು, ಜೊತೆಗೊಂದು ನೀಲಿ ರಟ್ಟಿನ ನೋಟ್‌ಬುಕ್. ತಾನು ಕಣ್ಣಾರೆ ಕಂಡಿದ್ದು ಬಿಟ್ಟು ಬೇರೆ ಏನನ್ನೂ ಅದರಲ್ಲಿ ಬರೆಯಲ್ಲ ಅಂತ ಅವರ ವ್ರತ.

ಅವರಿಗೆ ಬೇಕಾಗಿದ್ದು ಒಂದೇ ಹಕ್ಕಿ, ಹಳದಿ ಕೊರಳಿನ ಪಿಕಳಾರ. ನಮ್ಮ ದಕ್ಷಿಣದ ಒಣ ಕಲ್ಲುಬೆಟ್ಟಗಳು ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇರಲ್ವಂತೆ ಅದು. 1845ರಲ್ಲಿ ಜೆರ್ಡನ್ ಅನ್ನೋ ಬ್ರಿಟಿಷ್ ಡಾಕ್ಟರು ಅದಕ್ಕೆ ಹೆಸರಿಟ್ಟಿದ್ದು. ಕಲ್ಲು ಕ್ವಾರಿ ಬಂದು ಗುಡ್ಡಗಳೇ ಕರಗ್ತಾ ಇರೋದ್ರಿಂದ ಈಗ ಅಪಾಯದ ಪಟ್ಟಿಯಲ್ಲಿದೆ. ನಂದಿಬೆಟ್ಟದಲ್ಲೂ ಇದೆ, ಆದ್ರೆ ಭಾನುವಾರ ನಂದಿಬೆಟ್ಟಕ್ಕೆ ಹೋದ್ರೆ ಹಕ್ಕಿಗಿಂತ ಮೊದ್ಲು ಟ್ರಾಫಿಕ್ ಜಾಮ್ ನೋಡ್ಬೇಕು, ಮನೆ ಹತ್ರ ಇರೋ ದುರ್ಗ ಬಿಟ್ಟು ಅಷ್ಟು ದೂರ ಯಾಕೆ ಅಂತ ಭಾವನ ವಾದ.

ಭಾವನ ಮನೆ ಕ್ಯಾತಸಂದ್ರದಲ್ಲಿ, ಹಾಗಾಗಿ ತಟ್ಟೆ ಇಡ್ಲಿ ಪಾರ್ಸಲ್ ಜವಾಬ್ದಾರಿ ಅವರದ್ದೇ. ಬಾಳೆಲೆಯಲ್ಲಿ ಸುತ್ತಿದ್ದ ಇಡ್ಲಿ ಹಿಂದಿನ ಸೀಟಲ್ಲಿ ಬೆಚ್ಚಗೆ ಕೂತಿತ್ತು, ನನಗೆ ಅದರ ವಾಸನೆಗೇ ಹಸಿವು, ಅವರು ಮಾತ್ರ 'ಹಕ್ಕಿ ಮೊದ್ಲು, ಇಡ್ಲಿ ಆಮೇಲೆ' ಅಂದ್ರು. ಇದರ ಫಲ ಆಮೇಲೆ ಅನುಭವಿಸಿದ್ವಿ.

ಮೊದ್ಲು ನಾಮದ ಚಿಲುಮೆಯಲ್ಲಿ ಗಾಡಿ ನಿಲ್ಲಿಸಿದ್ವಿ. ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ದೆ ರಾಮ ಬಾಣ ಬಿಟ್ಟ, ಬಂಡೆಯಿಂದ ನೀರು ಚಿಮ್ಮಿತು ಅಂತ ಕಥೆ ಇದೆಯಲ್ಲ, ಅದೇ ಜಾಗ. ಅಲ್ಲಿನ ಜಿಂಕೆಗಳನ್ನ ನೋಡಿ ನಾನು ಖುಷಿಯಾಗಿ 'ಬರ್ಕೊಳಿ ಭಾವ' ಅಂದ್ರೆ, ಬೇಲಿ ಒಳಗಿನದ್ದು ಲೆಕ್ಕಕ್ಕಿಲ್ಲ ಕಣೋ ಅಂದ್ಬಿಟ್ರು. ಆದ್ರೆ ಹಿಂದಿನ ಮರದ ನೆರಳಲ್ಲಿ ರಾಜಹಕ್ಕಿ ಸಿಕ್ತು, ಬಿಳೀ ಗಂಡು. ಬಾಲದಲ್ಲಿ ಎರಡು ಉದ್ದ ಗರಿ, ರಿಬ್ಬನ್ ತರ, ಕೊಂಬೆಯಿಂದ ಕೊಂಬೆಗೆ ಹಾರಿದ್ರೆ ಹಕ್ಕಿ ಹೋಗಿ ಕೂತಾದ ಮೇಲೆ ನಿಧಾನಕ್ಕೆ ಬಾಲ ಬಂದು ಸೇರ್ಕೊಳ್ಳುತ್ತೆ. ಚಳಿಗಾಲಕ್ಕೆ ಬರೋ ಅತಿಥಿ ಇದು. ನಾನಂತೂ ಬಾಯಿ ಬಿಟ್ಕೊಂಡು ನಿಂತಿದ್ದೆ.

ಅಲ್ಲಿಂದ ಮೇಲೆ ಬೆಟ್ಟದ ರಸ್ತೆ. ಒಂದು ತಿರುವಲ್ಲಿ ಗಾಡಿ ಸೈಡಿಗೆ ಹಾಕಿ ಬಂಡೆ ಸಂದಿ ಕಾಲುದಾರಿಯಲ್ಲಿ ಹತ್ತಿದ್ವಿ. ಬಂದರೆ ಗಿಡ, ಲಂಟಾನ, ಅಲ್ಲೊಂದು ಇಲ್ಲೊಂದು ಎಲಚಿ. ದಾರಿ ಮಧ್ಯೆ ಒಂದು ಗುಡ್ಡೆ ಬಿದ್ದಿತ್ತು, ಭಾವ ಕಡ್ಡಿ ತಗೊಂಡು ಕೆದಕಿದ್ರೆ ಪೂರ್ತಿ ಎಲಚಿ ಬೀಜ. ಕರಡಿದು, ನಿನ್ನೆ ರಾತ್ರಿದೇ ಇರ್ಬೇಕು ಅಂತ ಅವರು ಆರಾಮಾಗಿ ಹೇಳಿದ್ರು, ನನಗೆ ತಕ್ಷಣ ಕಾರಲ್ಲಿರೋ ಇಡ್ಲಿ ನೆನಪಾಯ್ತು. ಬೆಳಕು ಹರಿದ ಮೇಲೆ ಅದು ಗುಹೆ ಸೇರಿರುತ್ತೆ, ಮಾತಾಡ್ಕೊಂಡು ಹೋದ್ರೆ ಸಾಕು ಅಂದ್ರು. ನಾನು ಆಮೇಲೆ ಬಾಯಿ ಮುಚ್ಚಲೇ ಇಲ್ಲ, ಅವರೇ ಬೇಜಾರಾಗಿ ಸುಮ್ನಿರೋ ಹಕ್ಕಿ ಹಾರೋಗುತ್ತೆ ಅಂದ್ರು.

ನಿಜವಾದ ಕಾಟ ಶುರುವಾಗಿದ್ದು ಅಲ್ಲಿಂದ. ಹಳದಿ ಕೊರಳಿನದ್ದು ಇರೋ ಪೊದೆಯಲ್ಲೇ ಬಿಳಿ ಹುಬ್ಬಿನ ಪಿಕಳಾರ ಅಂತ ಇನ್ನೊಂದಿದೆ, ಅದೂ ಮಾಸಲು ಹಸಿರು, ಅದಕ್ಕೂ ಜುಟ್ಟಿಲ್ಲ, ಬಾಲದ ಬುಡವೂ ಹಳದಿನೇ. ಪೊದೆ ಒಳಗೆ ಕೂತು ಗಳಗಳ ಅಂತ ಒಂದೇ ಉಸಿರಿಗೆ ಕೂಗಿ ಸುಮ್ನಾಗುತ್ತೆ. ನಾಲ್ಕು ಸಲ ನಾನು 'ಭಾವ ಅಲ್ಲಿ ನೋಡಿ' ಅಂದೆ, ನಾಲ್ಕು ಸಲವೂ ಹುಬ್ಬು ಬೆಳ್ಳಗಿತ್ತು. ಮಾರ್ಕ್ಸ್ ಹೋದ ಹುಡುಗನ ತರ ಆಯ್ತು ನನ್ ಪರಿಸ್ಥಿತಿ. ಎರಡು ಗಂಟೆ ಕಳೀತು, ಬಿಸಿಲೇರ್ತು, ಕೆಮ್ಮೀಸೆ ಪಿಕಳಾರ, ಮಡಿವಾಳ, ಬೂದು ಕಾಜಾಣ, ಹರಟೆಮಲ್ಲಗಳ ಗುಂಪು, ಎಲ್ಲಾ ಬಂದು ಹೋದ್ವು.

ಆಗ ಕೆಳಗೆ ಕಾರ್ ಹತ್ರ ಏನೋ ಗಲಾಟೆ. ಕಿಟಕಿ ಗಾಜು ಪೂರ್ತಿ ಏರಿಸಿರ್ಲಿಲ್ಲ (ಏರಿಸದೆ ಬಿಟ್ಟೋನು ನಾನೇ), ಕೋತಿಗಳು ಕೈ ಹಾಕಿ ಪಾರ್ಸಲ್ ಎಳ್ಕೊಂಡಿದ್ವು. ಭಾವ ಕುತ್ತಿಗೇಲಿ ಕ್ಯಾಮೆರಾ ನೇತಾಡಿಸ್ಕೊಂಡೇ 'ಹೇ ಹೇ' ಅಂತ ಇಳಿದು ಓಡಿದ್ರು.

ಅವರು ತಿರುವು ದಾಟಿ ಒಂದು ನಿಮಿಷ ಆಗಿರ್ಬೇಕು, ನನ್ನಿಂದ ಇಪ್ಪತ್ತಡಿ ದೂರದ ಲಂಟಾನ ಅಲ್ಲಾಡ್ತು. ಹಕ್ಕಿ ಹೊರಗೆ ಬಂದು ಬಂಡೆ ಅಂಚಲ್ಲಿ ಕೂತ್ಕೊಂಡ್ತು. ಬೈನಾಕ್ಯುಲರ್ ಎತ್ತಿ ಮೊದ್ಲು ಹುಬ್ಬು ನೋಡಿದೆ, ಇಲ್ಲ, ಬಿಳಿ ಗೆರೆನೇ ಇಲ್ಲ. ತಲೆ ಪೂರ್ತಿ ಹಳದಿ ಕಲೆಸಿದ ಹಸಿರು, ಗಂಟಲಿಗೆ ಹಬ್ಬದ ದಿನ ಹೊಸ್ತಿಲಿಗೆ ಮೆತ್ತಿದ ಅರಿಶಿನ, ಅದರ ಕೆಳಗೆ ಎದೆ ಬೂದಿ. ಕೊಕ್ಕಲ್ಲಿ ಒಂದು ಕಪ್ಪು ಲಂಟಾನ ಹಣ್ಣು. ಅದನ್ನ ನುಂಗಿ, ಕೊಕ್ಕನ್ನ ಬಂಡೆಗೆ ಆ ಕಡೆ ಒಂದ್ಸಲ ಈ ಕಡೆ ಒಂದ್ಸಲ ಒರೆಸ್ತು, ತಿರುಗಿದಾಗ ಬಾಲದ ತುದಿ ಮಾಸಲು ಬಿಳಿಯಾಗಿ ಕಾಣಿಸ್ತು. ಫೋನ್ ತೆಗೆದು ಕ್ಲಿಕ್ ಮಾಡೋದ್ರಲ್ಲಿ ಹೋಗಿತ್ತು. ಫೋಟೋದಲ್ಲಿ ಬಂಡೆ ಇದೆ, ಚೆನ್ನಾಗಿ ಬಂದಿದೆ.

ಭಾವ ಖಾಲಿ ಬಾಳೆಲೆ ಹಿಡ್ಕೊಂಡು ವಾಪಸ್ ಬಂದ್ರು. ನಾನು ಹೇಳಿದ್ದು ಕೇಳಿ ಪೊಲೀಸ್ ವಿಚಾರಣೆ ತರ ಶುರು ಮಾಡಿದ್ರು, ಹುಬ್ಬು? ಜುಟ್ಟು? ಎದೆ ಯಾವ ಬಣ್ಣ? ಬಾಲದ ತುದಿ? ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟೆ. 'ಪುಸ್ತಕದಲ್ಲೂ ಹಿಂಗೇ ಇದೆ' ಅಂದ್ರು, ಅದು ಹೊಗಳಿಕೆನೋ ಅನುಮಾನನೋ ಗೊತ್ತಾಗ್ಲಿಲ್ಲ. ಅದೇ ಬಂಡೆ ಎದುರು ಮುಕ್ಕಾಲು ಗಂಟೆ ಕೂತ್ರು ಪಾಪ, ಬಂದಿದ್ದು ಒಂದು ಓತಿಕ್ಯಾತ.

ಆಮೇಲೆ ಮೇಲಕ್ಕೆ ಹೋಗಿ ಯೋಗಾನರಸಿಂಹನಿಗೆ ಕೈ ಮುಗಿದ್ವಿ. ಹಸಿದ ಹೊಟ್ಟೇಲಿ ಭಾವ ಪಾಠ ಬೇರೆ ಮಾಡಿದ್ರು, ಇದೇ ಬೆಟ್ಟದಲ್ಲಿ ಹುಟ್ಟೋ ಜಯಮಂಗಲಿ ಉತ್ತರ ಪಿನಾಕಿನಿ ಸೇರುತ್ತೆ, ಶಿಂಷಾ ಹೋಗಿ ಕಾವೇರಿ ಸೇರುತ್ತೆ, ಚಿಕ್ಕದೇವರಾಜ ಒಡೆಯರ್ ಗೆದ್ದ ಮೇಲೇನೇ ದೇವರಾಯನದುರ್ಗ ಅನ್ನೋ ಹೆಸರು ಬಂದಿದ್ದು ಅಂತೆಲ್ಲ. ನನ್ ಗಮನ ಪುಳಿಯೋಗರೆ ಪ್ರಸಾದದ ಮೇಲಿತ್ತು.

ಮನೆಗೆ ಬಂದ್ರೆ ಅಕ್ಕ ಕೇಳಿದ್ಲು, ಏನ್ರಿ, ಸಿಕ್ತಾ ನಿಮ್ ಹಕ್ಕಿ? ಭಾವ ಶೂ ಬಿಚ್ತಾ, ಇವನು ನೋಡಿದ್ನಂತೆ ಅಂದ್ರು.

ಆವತ್ತಿಂದ ಇವತ್ತಿನವರೆಗೂ ಆ 'ಅಂತೆ' ಹೋಗಿಲ್ಲ. ಮೊನ್ನೆ ಅವರು ಸ್ನಾನಕ್ಕೆ ಹೋದಾಗ ನೀಲಿ ನೋಟ್‌ಬುಕ್ ತೆಗೆದು ನೋಡಿದೆ, ರಾಜಹಕ್ಕಿ ಇದೆ, ಕರಡಿ ಹಿಕ್ಕೆ ಇದೆ, 'ಕೋತಿ, ಹನ್ನೊಂದು' ಅಂತಲೂ ಇದೆ. ಪಿಕಳಾರದ ಎದುರು ಪೆನ್ಸಿಲ್ಲಲ್ಲಿ ಒಂದು ಪ್ರಶ್ನೆ ಚಿಹ್ನೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಬಾಮೈದ'.